ಹಾಲಲ್ಲೇ, ಮೇಡಂ

ಆ ದಿನ ಬೆಳಿಗ್ಗೆ ಹತ್ತು ನಲವತ್ತಕ್ಕೆ, ಕುರ್ಚಿಯಿಂದ ಏಳದೆ, ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಡದೆ, ನಾನು ಯಾರದೋ ಹಲ್ಲನ್ನು ಕಸಕ್ಕೆ ಹಾಕಿಸಿದೆ. ಹಲ್ಲು ಯಾರದು, ಎಲ್ಲಿಂದ ಫೋನು ಬಂತು, ಒಂದೂ ನನಗೆ ಗೊತ್ತಿರಲಿಲ್ಲ. ಕೇಳಬೇಕೆಂದೂ ಅನ್ನಿಸಿರಲಿಲ್ಲ.

ನಾನು ಡಾಕ್ಟರಲ್ಲ. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಫೋನೆತ್ತುವವಳು. ಹತ್ತೊಂಬತ್ತು ವರ್ಷದಿಂದ ಅದೇ ಮೇಜು, ಅದೇ ಕಪ್ಪು ಫೋನು. ಬರುವವರೆಲ್ಲ ನನ್ನನ್ನು ಫೋನಕ್ಕ ಎಂದೇ ಕರೆಯುತ್ತಾರೆ. ಜನ ಕೇಳುವ ಪ್ರಶ್ನೆಗಳು ಬಹಳವಾದರೆ ಹದಿನೈದು. ಅವನ್ನೇ ತಿರುಗಿಸಿ ಮುರುಗಿಸಿ ಕೇಳುತ್ತಾರೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದಂತೆ, ಹೌದೇ? ಇಲ್ಲ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದಾ? ಇಲ್ಲ ಸ್ವಾಮಿ, ಅದು ಮೊದಲೇ ಸಡಿಲವಾಗಿತ್ತು, ಇಷ್ಟು ದಿನ ಕೊಳೆಯ ಆಸರೆಯಲ್ಲಿ ನಿಂತಿತ್ತು. ನೋವಿನ ಮಾತ್ರೆ ಪುಡಿ ಮಾಡಿ ವಸಡಿನ ಮೇಲೆ ಇಟ್ಟುಕೊಂಡೆ, ಈಗ ಅಲ್ಲಿ ಬೆಳ್ಳಗಾಗಿದೆ, ಯಾಕೆ? ಸುಟ್ಟಿದೆ, ಅದಕ್ಕೆ, ಮಾತ್ರೆ ಇರುವುದು ನುಂಗುವುದಕ್ಕೆ. ನೋವು ತಾನಾಗಿಯೇ ಹೋಯಿತು, ಇನ್ನೂ ಬರಬೇಕಾ? ಈಗಲೇ ಬರಬೇಕು, ಒಳಗಿನ ನರ ಸತ್ತಿರಬಹುದು. ಇವನ್ನೆಲ್ಲ ನಾನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆ ಜಂಬವೇ ನನ್ನನ್ನು ಕೆಡಿಸಿದ್ದು.

ಮೇಜಿನ ಗಾಜಿನ ಕೆಳಗೆ ಡಾಕ್ಟರಮ್ಮ ತಮ್ಮ ಕೈಯಾರೆ ಬರೆದು ಇಟ್ಟ ಒಂದು ಹಾಳೆಯಿದೆ. ಪೆಟ್ಟು ಬಿದ್ದವರು ಫೋನು ಮಾಡಿದರೆ ಏನೇನು ಕೇಳಬೇಕು ಎಂದು ಅದರಲ್ಲಿದೆ. ಮೊದಲ ಸಾಲು: ವಯಸ್ಸು ಕೇಳಿ. ಆ ಹಾಳೆಯ ಮೇಲೆ ಅಪಾಯಿಂಟ್‌ಮೆಂಟ್ ಪುಸ್ತಕ ಇಟ್ಟುಕೊಂಡು ಎಷ್ಟು ವರ್ಷವಾಯಿತೋ ನನಗೇ ನೆನಪಿಲ್ಲ.

ಫೋನು ಮಾಡಿದವರು ವಯಸ್ಸಾದ ಗಂಡಸು. ಕಿವಿ ಮಂದವಿರುವವರು ಮಾತಾಡುವಂತೆ ಕೂಗಿ ಮಾತಾಡುತ್ತಿದ್ದರು.

"ಹಲ್ಲಿನ ಆಸ್ಪತ್ರೆನಾ? ಮಗು ಮುಖ ಅಡಿಯಾಗಿ ಬಿದ್ಬಿಟ್ಟಿದೆ ಮೇಡಂ. ಮುಂದಿನ ಹಲ್ಲು ಒಂದು ಪೂರ್ತಿ ಈಚೆ ಬಂದಿದೆ. ರಕ್ತ ನಿಲ್ತಾ ಇಲ್ಲ."

ಅವರ ಹಿಂದೆ ಏನೋ ಗದ್ದಲ. ಯಾರೋ "ಬರ್ಲಿ, ಬರ್ಲಿ, ಬರ್ಲಿ, ಸಾಕ್" ಎನ್ನುತ್ತಿದ್ದರು. ಇತ್ತ ಒಳಗಿನ ಕೋಣೆಯಲ್ಲಿ ಡ್ರಿಲ್ಲಿನ ಸದ್ದು ಶುರುವಾಯಿತು. ನಾನು ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡು ಕೇಳಿದೆ.

"ಹಾಲಲ್ಲಾ?"

"ಹೂಂ, ಹಾಲಲ್ಲೇ, ಮೇಡಂ." ಆ ಧ್ವನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಹಾಲುಹಲ್ಲು ಬಿದ್ದಿದ್ದಕ್ಕೆ ಏನು ಹೆಮ್ಮೆಯೋ ಎಂದುಕೊಂಡೆ.

"ಹಾಗಾದ್ರೆ ಭಯ ಬೀಳ್ಬೇಡಿ. ವಾಪಸ್ ಕೂರ್ಸೋಕೆ ಹೋಗ್ಬೇಡಿ. ಹತ್ತಿ ಇಟ್ಟು ಒತ್ತಿ ಹಿಡಿದುಕೊಂಡ್ರೆ ರಕ್ತ ನಿಲ್ಲುತ್ತೆ."

"ಹಲ್ಲೇನ್ ಮಾಡೋದು?"

"ಬಿಸಾಕಿ. ಹೊಸದು ಬರುತ್ತೆ."

"ಬಿಸಾಕೋದಾ? ಹೊಸದು ಬರುತ್ತಾ ಮೇಡಂ?"

"ಬರದೆ ಏನ್ರೀ, ಎಲ್ಲರಿಗೂ ಬರುತ್ತೆ."

"ಹಾಗಾದ್ರೆ ಮಧ್ಯಾಹ್ನದ ಶಿಫ್ಟಿಗೆ ಹೋಗ್ಬೋದಾ?"

"ಧಾರಾಳವಾಗಿ," ಎಂದೆ. ಫೋನಿಟ್ಟು ಕಾಫಿ ಮುಗಿಸಿದೆ. ಕಾಫಿ ಇನ್ನೂ ಬಿಸಿಯಾಗಿತ್ತು.

ಹತ್ತು ಐವತ್ತೈದಕ್ಕೆ ಡಾಕ್ಟರಮ್ಮ ಎಕ್ಸ್‌ರೇ ಕವರು ಹುಡುಕಿಕೊಂಡು ಈಚೆ ಬಂದರು. ಒಳಗೆ ಒಬ್ಬ ಹೆಂಗಸಿನ ಬುದ್ಧಿಹಲ್ಲನ್ನು ವಸಡು ಸೀಳಿ ತೆಗೆಯುವುದಿತ್ತು. ಆಕೆಯ ಗಂಡ ನನ್ನೆದುರಿನ ಬೆಂಚಿನಲ್ಲಿ ಕಾಲು ಕುಣಿಸುತ್ತ ಕೂತಿದ್ದ.

"ಆಗ ಯಾರದು ಫೋನು? ಕೂಗಾಡ್ತಿದ್ರಲ್ಲ," ಎಂದರು ಡಾಕ್ಟರಮ್ಮ.

"ಏನಿಲ್ಲ, ಒಂದು ಮಗು ಬಿದ್ದು ಹಾಲಲ್ಲು ಬಂದ್ಬಿಟ್ಟಿದೆಯಂತೆ. ಬಿಸಾಕಿ ಅಂದೆ."

"ಎಷ್ಟು ವಯಸ್ಸು?"

"ಮಗು ಅಂದ್ರು."

"ಎಷ್ಟು ವರ್ಷದ ಮಗು ರೀ? ಏಳು ವರ್ಷಕ್ಕೆಲ್ಲ ಮುಂದಿನ ಹಲ್ಲು ಬದಲಾಗಿರುತ್ತೆ. ಎಂಟು ವರ್ಷದ ಮಗುನೂ ಮಗುನೇ."

ನಾನು ಉತ್ತರ ಕೊಡಲು ಬಾಯಿ ತೆರೆದೆ. ಆಗ ಆ ಕೊನೆಯ ಮಾತು ಕಿವಿಯಲ್ಲಿ ಮತ್ತೆ ಕೇಳಿಸಿತು. ಮಧ್ಯಾಹ್ನದ ಶಿಫ್ಟಿಗೆ ಹೋಗ್ಬೋದಾ. ಯಾವ ಮಗು ಶಿಫ್ಟಿಗೆ ಹೋಗುತ್ತದೆ? ಮೊಮ್ಮಕ್ಕಳ ವಯಸ್ಸಿನವರನ್ನೆಲ್ಲ ಮಗು ಎನ್ನುವ ಮುದುಕರು ಎಷ್ಟಿಲ್ಲ? ನನ್ನ ಅಜ್ಜಿ ನನ್ನನ್ನು ನಲವತ್ತು ವರ್ಷದವರೆಗೂ ಮಗು ಎಂದೇ ಕರೆದರು.

ಮತ್ತೆ, ಹಾಲಲ್ಲು ಎಂದು ಅವರೇ ಹೇಳಿದರಲ್ಲ? ಇಲ್ಲ. ಹೇಳಿದ್ದು ನಾನು. ಹಾಲುಹಲ್ಲು ಎಂದು ಪೂರ್ತಿ ಅನ್ನಲು ಯಾರಿಗೆ ಪುರುಸೊತ್ತಿದೆ. ನಡುವಿನ ಹಕಾರವನ್ನು ನುಂಗಿ ಹಾಲಲ್ಲು ಎಂದೇ ನಾವೆಲ್ಲ ಆಡುವುದು. ಹಾಲಲ್ಲಾ ಎಂದು ನಾನು ಕೇಳಿದ್ದು, ಹಾಲುಹಲ್ಲೇನು ಎಂದು. ಅವರು ಕೇಳಿಸಿಕೊಂಡದ್ದು, ಹಲ್ಲನ್ನು ಹಾಲಿನಲ್ಲಿ ಇಟ್ಟಿದ್ದೀರೇನು ಎಂದು. ಹಾಲಲ್ಲೇ, ಮೇಡಂ. ಹಾಲಿನಲ್ಲೇ ಇಟ್ಟಿದ್ದೇನೆ. ಅದಕ್ಕೇ ಆ ಹೆಮ್ಮೆ. ಆ ಮನುಷ್ಯ ಮಾಡಬೇಕಾದದ್ದನ್ನು ಸರಿಯಾಗಿ ಮಾಡಿ, ಶಹಭಾಸ್ ಎನ್ನುತ್ತಾರೆಂದು ಕಾದಿದ್ದರು. ನಾನು ಬಿಸಾಕಿ ಎಂದೆ.

ಇದನ್ನೆಲ್ಲ ಡಾಕ್ಟರಮ್ಮನಿಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗೋಡೆಯ ಗಡಿಯಾರ ನೋಡಿದರು.

"ಹಾಲಲ್ಲೇ ಇದ್ದಿದ್ರೆ ಇನ್ನೂ ಹೊತ್ತಿತ್ತು. ಬಿಸಾಕಿದ ಮೇಲೆ ಒಣಗೋಕೆ ಶುರು. ಒಣಗಿ ಒಂದು ಗಂಟೆ ಆದ್ರೆ ಬೇರಿನ ಮೇಲಿನ ಜೀವ ಹೋಗುತ್ತೆ, ಆಮೇಲೆ ಕೂರ್ಸಿದ್ರೂ ನಿಲ್ಲೋದು ಕಷ್ಟ. ಹುಡುಕಿ," ಎಂದು ಒಳಗೆ ಹೋದರು. ಅಲ್ಲಿ ಆ ಹೆಂಗಸು ಬಾಯಿ ತೆರೆದುಕೊಂಡು ಮಲಗಿದ್ದಳು, ಅವಳನ್ನು ಹಾಗೆ ಬಿಟ್ಟು ಬರುವಂತಿರಲಿಲ್ಲ.

ಹುಡುಕಿ ಎಂದರೆ ಎಲ್ಲಿ ಹುಡುಕುವುದು? ನಮ್ಮ ಕಪ್ಪು ಫೋನು ಬಂದ ನಂಬರನ್ನು ತೋರಿಸುವುದಿಲ್ಲ. ಎಲ್ಲೋ ಒಂದು ಕಸದ ಡಬ್ಬಿಯಲ್ಲಿ ಒಬ್ಬರ ಹಲ್ಲು ನಿಮಿಷ ನಿಮಿಷಕ್ಕೂ ಒಣಗುತ್ತಿದೆ, ಅದು ಇಡೀ ಊರಿನಲ್ಲಿ ಗೊತ್ತಿರುವುದು ನನಗೊಬ್ಬಳಿಗೆ, ಅದು ಎಲ್ಲಿ ಎನ್ನುವುದು ಮಾತ್ರ ನನಗೆ ಗೊತ್ತಿಲ್ಲ.

ಆಮೇಲೆ ಒಂದು ಯೋಚನೆ ಬಂತು. ಬಿದ್ದ ಹಲ್ಲನ್ನು ಹಾಲಿನಲ್ಲಿ ಇಡಬೇಕೆಂದು ಯಾರಿಗೆ ಗೊತ್ತಿರುತ್ತದೆ? ಯಾರಿಗೂ ಇಲ್ಲ. ಜನ ಹಲ್ಲನ್ನು ತಿಕ್ಕಿ ತೊಳೆದು, ಕಾಗದದಲ್ಲಿ ಸುತ್ತಿ, ಮೂರು ದಿನ ಬಿಟ್ಟು ತಂದು ಡಾಕ್ಟರಮ್ಮನ ಕೈಗೆ ಕೊಡುತ್ತಾರೆ. ಹಾಲಿನ ವಿಷಯ ಬರೆದಿರುವುದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ನಮ್ಮ ಅಯಸ್ಕಾಂತದ ಬಿಲ್ಲೆಯ ಮೇಲೆ. ಕಳೆದ ವರ್ಷ ಮೂರು ಕಡೆ ಹಲ್ಲಿನ ತಪಾಸಣೆಗೆ ಹೋದಾಗ ಅಲ್ಲಲ್ಲಿನ ಕ್ಯಾಂಟೀನುಗಳಿಗೆ ಕೊಟ್ಟಿದ್ದೆವು: ಬಾಟಲಿ ಕಾರ್ಖಾನೆ, ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ, ಬಸ್ ಡಿಪೋ. ಬಿಲ್ಲೆಯ ಮೇಲಿನ ಮಾತು ಬರೆದವಳು ನಾನೇ. ಹಲ್ಲು ಬಿತ್ತಾ? ಹಾಲಲ್ಲಿ ಹಾಕಿ, ನಮಗೆ ಫೋನ್ ಮಾಡಿ.

ಶಿಫ್ಟು ಎಂದರೆ ಕಾರ್ಖಾನೆ ಎಂದು ಮೊದಲು ಅಲ್ಲಿಗೆ ಫೋನು ಮಾಡಿದೆ. ಗೇಟಿನ ಕಾವಲುಗಾರ ಎತ್ತಿದ. ಯಾರಾದರೂ ಬಿದ್ದು ಹಲ್ಲು ಮುರಿದುಕೊಂಡರಾ ಎಂದರೆ, ನೀವು ಇನ್ಶೂರೆನ್ಸ್‌ನವರಾ ಎಂದ. ಅಲ್ಲಪ್ಪಾ ಎಂದರೆ, ಪತ್ರಿಕೆಯವರಾ ಎಂದ. ಕ್ಯಾಂಟೀನಿಗೆ ಕೊಡು ಎಂದು ಬೇಡಿಕೊಂಡೆ. ಅವನು ಸಾಹೇಬರನ್ನು ಕೇಳಬೇಕೆಂದು ಫೋನು ಮೇಜಿನ ಮೇಲಿಟ್ಟು ಹೋದ. ನಾನು ಗಡಿಯಾರದ ಮುಳ್ಳನ್ನು ನೋಡುತ್ತ ನಾಲ್ಕು ನಿಮಿಷ ಕಾದೆ. ಕೊನೆಗೆ ಯಾರೋ ಹೆಂಗಸು ಬಂದು, ಇಲ್ಲಿ ಯಾರೂ ಬಿದ್ದಿಲ್ಲ, ಎಲ್ಲರ ಹಲ್ಲೂ ಸರಿಯಿದೆ ಎಂದಳು. ಆ ನಾಲ್ಕು ನಿಮಿಷ ನೆನೆದರೆ ಇವತ್ತಿಗೂ ಆ ಕಾವಲುಗಾರನ ಮೇಲೆ ಮೈಯೆಲ್ಲ ಉರಿಯುತ್ತದೆ. ನನ್ನ ಮೇಲೆ ಉರಿಯಬೇಕಾದದ್ದನ್ನು ಅವನ ಮೇಲೆ ಹಾಕುತ್ತಿದ್ದೇನೆ ಎಂಬುದೂ ಗೊತ್ತಿದೆ.

ಒಗೆಯುವ ವಿಭಾಗದ ನಂಬರು ತಿರುಗಿಸುತ್ತಿದ್ದಾಗ ಆ ಹಿಂದಿನ ಗದ್ದಲ ನೆನಪಾಯಿತು. ಬರ್ಲಿ, ಬರ್ಲಿ, ಬರ್ಲಿ, ಸಾಕ್. ಯಾರನ್ನೋ ಕರೆಯುತ್ತಿದ್ದದ್ದಲ್ಲ ಅದು. ಬಸ್ಸನ್ನು ಹಿಂದಕ್ಕೆ ತೆಗೆಸುವವರು ಹಾಗೆ ಕೂಗುವುದು. ನಂಬರು ಅರ್ಧಕ್ಕೆ ಬಿಟ್ಟು ಡಿಪೋ ಕ್ಯಾಂಟೀನಿಗೆ ಮಾಡಿದೆ. ಗಂಟೆ ಹೊಡೆಯಿತು, ಹೊಡೆಯಿತು, ಯಾರೂ ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಹನ್ನೊಂದು ಗಂಟೆ ಹತ್ತು ನಿಮಿಷ.

ಬೆಂಚಿನ ಮೇಲಿದ್ದ ಆ ಹೆಂಗಸಿನ ಗಂಡನನ್ನು ಎಬ್ಬಿಸಿ ನನ್ನ ಕುರ್ಚಿಯಲ್ಲಿ ಕೂರಿಸಿದೆ. "ಫೋನು ಬಂದ್ರೆ ಎತ್ತಿ. ನನ್ನ ಧ್ವನಿಯಾದ್ರೆ ಒಳಗೆ ಎಳ್ಕೊಂಡ್ ಹೋಗಿ ಡಾಕ್ಟ್ರಮ್ಮನ ಕಿವಿಗೆ ಹಿಡೀರಿ. ವೈರು ಅಲ್ಲಿ ತನಕ ಬರುತ್ತೆ. ಬೇರೆ ಯಾರಾದ್ರೂ ಆದ್ರೆ ನಾಳೆ ಮಾಡಿ ಅನ್ನಿ."

"ನಾನಾ?" ಎಂದ ಅವನು.

"ಇನ್ಯಾರು, ಇಲ್ಲಿ ಬೇರೆ ಯಾರಿದಾರೆ?" ಎಂದು ಮೆಟ್ಟಿಲಿಳಿದು ಓಡಿದೆ.

ನಲವತ್ತೇಳು ವರ್ಷಕ್ಕೆ, ಬೆಳಗಿನ ಹೊತ್ತು, ಅಂಗಡಿಗಳೆಲ್ಲ ತೆರೆದಿರುವ ರಸ್ತೆಯಲ್ಲಿ ಓಡಿದವಳು ನಾನು. ಎಡಗಾಲಿನ ಚಪ್ಪಲಿಯ ಬಾರು ಕಿತ್ತುಹೋಯಿತು, ಅದನ್ನು ಕೈಯಲ್ಲಿ ಹಿಡಿದುಕೊಂಡೆ. ಓಡುತ್ತಿದ್ದಷ್ಟು ಹೊತ್ತೂ ತಲೆಯಲ್ಲಿ ಒಂದೇ: ಕಸದ ಲಾರಿ ಬಂದು ಹೋಗಿದ್ದರೆ? ಆಮೇಲೆ ಇನ್ನೊಂದೂ ಬಂತು, ಸುಳ್ಳು ಹೇಳುವುದಿಲ್ಲ: ಈ ವಿಷಯ ಊರಿಗೆಲ್ಲ ಗೊತ್ತಾದರೆ, ಇನ್ನು ಯಾವ ಮುಖ ಹೊತ್ತು ಆ ಮೇಜಿನ ಮುಂದೆ ಕೂರುವುದು?

ಡಿಪೋದ ಕ್ಯಾಂಟೀನು ಹಿಂಭಾಗದಲ್ಲಿದೆ, ಬಸ್ಸು ತೊಳೆಯುವ ಜಾಗದ ಪಕ್ಕಕ್ಕೆ. ಹೊರಗಿನ ಬೆಂಚಿನ ಮೇಲೆ ಖಾಕಿ ಅಂಗಿ ತೊಟ್ಟ ಒಬ್ಬ ಹುಡುಗಿ ತಲೆ ಬಗ್ಗಿಸಿ ಕೂತಿದ್ದಳು. ಅಂಗಿಯ ಮುಂಭಾಗಕ್ಕೆಲ್ಲ ರಕ್ತ. ಬಾಯಿಗೆ ಹತ್ತಿ ಒತ್ತಿಕೊಂಡಿದ್ದಳು. ಕುತ್ತಿಗೆಯ ದಾರದಲ್ಲಿ ಕಂಡಕ್ಟರುಗಳ ಸ್ಟೀಲಿನ ಸೀಟಿ ತೂಗುತ್ತಿತ್ತು. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ. ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಸೀಟಿ ಊದುತ್ತ ಬಸ್ಸನ್ನು ಹಿಂದಕ್ಕೆ ತೆಗೆಸುವಾಗ ನೀರಿನ ಪೈಪು ಎಡವಿ ಮುಖ ಅಡಿಯಾಗಿ ಬಿದ್ದಿದ್ದಳು. ಬಾಯಲ್ಲಿದ್ದ ಸೀಟಿಯೇ ಹಲ್ಲನ್ನು ಎಬ್ಬಿಸಿ ಹಾಕಿತ್ತು.

ಅವಳ ಬೆನ್ನು ಸವರುತ್ತ ನಿಂತಿದ್ದವರು ಕ್ಯಾಂಟೀನಿನ ತಾತ. ಎಪ್ಪತ್ತರ ಹತ್ತಿರದವರು. ಡಿಪೋ ಮ್ಯಾನೇಜರನ್ನೂ ಮಗು ಎಂದು ಕರೆಯುವ ಮನುಷ್ಯ.

"ಕ್ಲಿನಿಕ್ಕಿಂದ ಬಂದಿದೀನಿ. ಹಲ್ಲೆಲ್ಲಿ ತಾತ?" ಎಂದೆ.

"ಏನು?"

"ಹಲ್ಲು. ಹಲ್ಲೆಲ್ಲಿ?"

"ಅದನ್ನ ಬಿಸಾಕ್ದೆ. ಆಸ್ಪತ್ರೆ ಮೇಡಂ ಹೇಳಿದ್ರು, ಹೊಸದು ಹಾಕ್ತೀವಿ ಅಂತ."

"ಬಿಸಾಕ್ಬಾರದಿತ್ತು. ಅದೇ ಬೇಕು, ಅದನ್ನೇ ಕೂರಿಸ್ಬೇಕು."

ತಾತನ ಮುಖ ಬಿಳುಚಿತು. ಅವರು ಹುಡುಗಿಯನ್ನು ನೋಡಿದರು, ನನ್ನನ್ನು ನೋಡಿದರು. "ಅಯ್ಯೋ. ಅವರು ಬಿಸಾಕ್ಬೇಡಿ ಅಂದಿರ್ಬೇಕು. ನಂಗೆ ಕಿವಿ ಮಂದ ಮೇಡಂ. ಎಡಗಿವಿ ಅಂತೂ ಪೂರ್ತಿ ಇಲ್ಲ. ನಾನೇ ತಪ್ಪು ಕೇಳಿಸ್ಕೊಂಡೆ."

ಆಗಲೇ ಹೇಳಬೇಕಿತ್ತು. ಬಾಯಿ ತುದಿಗೆ ಬಂದಿತ್ತು. ಹುಡುಗಿ ತಲೆಯೆತ್ತಿ ತಾತನನ್ನು ನೋಡಿದ ನೋಟ ಕಂಡು ಆ ನೋಟ ನನ್ನ ಮೇಲೆ ಬೀಳುವುದಕ್ಕೆ ಹೆದರಿದೆ. "ಈಗ ಅದೆಲ್ಲ ಇರ್ಲಿ, ಎಲ್ಲಿ ಬಿಸಾಕಿದ್ರಿ ತೋರ್ಸಿ," ಎಂದೆ.

ಕ್ಯಾಂಟೀನಿನ ಹಿಂದೆ ಸೊಂಟದೆತ್ತರದ ತಗಡಿನ ಡ್ರಮ್ಮು. ಬಗ್ಗಿ ನೋಡಿದರೆ ತುಂಬ ಕಾಗದದ ಲೋಟಗಳು, ಚಹದ ಚರಟ, ಮೊಟ್ಟೆ ಸಿಪ್ಪೆ, ಬಸ್ಸು ಗುಡಿಸಿದ ಟಿಕೆಟ್ಟುಗಳು. ಹಾಲನ್ನು ಸಿಂಕಿಗೆ ಚೆಲ್ಲಿ, ಹಲ್ಲನ್ನು ಸುಮ್ಮನೆ ಎಸೆಯಲು ಮನಸ್ಸು ಬಾರದೆ ಕಾಗದದಲ್ಲಿ ಸುತ್ತಿ ಹಾಕಿದೆ ಎಂದರು ತಾತ. ಯಾವ ಕಾಗದ? ಅದು ಅವರಿಗೆ ನೆನಪಿಲ್ಲ. ನಾವಿಬ್ಬರೂ ಸೇರಿ ಡ್ರಮ್ಮನ್ನು ಸಿಮೆಂಟು ನೆಲದ ಮೇಲೆ ಮಗುಚಿದೆವು. ನಾನು ಮಂಡಿಯೂರಿ ಕೂತು ಮುದುಡಿದ ಕಾಗದವನ್ನೆಲ್ಲ ಒಂದೊಂದಾಗಿ ಬಿಡಿಸತೊಡಗಿದೆ. ಅವಸರಕ್ಕೆ ಕಾಗದಗಳು ಹರಿದುಹೋಗುತ್ತಿದ್ದವು. ಒಂದರಲ್ಲಿ ಮೆಣಸಿನಕಾಯಿ ತೊಟ್ಟು. ಒಂದರಲ್ಲಿ ಯಾರೋ ಅಗಿದುಬಿಟ್ಟ ಚೂಯಿಂಗ್ ಗಮ್ಮು, ಬೆಳ್ಳಗೆ, ಅದನ್ನು ಕಂಡು ನನ್ನ ಜೀವ ಬಾಯಿಗೆ ಬಂದು ಹೋಯಿತು. ತಾತ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಕನ್ನಡಕವಿಲ್ಲದ ಕಣ್ಣನ್ನು ನೆಲಕ್ಕೆ ತಾಗಿಸುವಷ್ಟು ಬಗ್ಗಿ ಬೆರಳಾಡಿಸುತ್ತಿದ್ದರು. "ನಾನು ಹಾಳು ಮಾಡ್ದೆ, ನಾನು ಹಾಳು ಮಾಡ್ದೆ," ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಅದನ್ನು ಕೇಳುತ್ತ ನಾನು ತಲೆಯೆತ್ತಲಿಲ್ಲ.

ಹನ್ನೊಂದು ಮೂವತ್ತನಾಲ್ಕಕ್ಕೆ ಸಿಕ್ಕಿತು. ಕಂಡಕ್ಟರುಗಳು ಲೆಕ್ಕ ಬರೆಯುವ ಟ್ರಿಪ್‌ಶೀಟಿನ ಹರಿದ ಮೂಲೆಯೊಂದರಲ್ಲಿತ್ತು. ನಾನು ಸಾವಿರ ಹಲ್ಲಿನ ಚಿತ್ರ ನೋಡಿದ್ದೇನೆ, ಮೇಜಿನ ಮೇಲೆ ಸುಣ್ಣದ ಅಚ್ಚುಗಳನ್ನು ಜೋಡಿಸಿದ್ದೇನೆ. ಆದರೂ ಬೇರು ಅಷ್ಟು ಉದ್ದವಿರುತ್ತದೆಂದು ಅಂದುಕೊಂಡಿರಲಿಲ್ಲ. ಕಾಣುವ ಭಾಗಕ್ಕಿಂತ ಬೇರೇ ದೊಡ್ಡದು. ಇದನ್ನು ಕಣ್ಣಾರೆ ನೋಡಿದ ಯಾರೂ ಹಾಲುಹಲ್ಲು ಎನ್ನುವುದಿಲ್ಲ.

ನನ್ನ ಮೊಬೈಲಿನಿಂದ ಕ್ಲಿನಿಕ್ಕಿಗೆ ಮಾಡಿದೆ. ಆ ಹೆಂಗಸಿನ ಗಂಡ ಎತ್ತಿದ. ಓಡುವ ಸದ್ದು, ಏನೋ ಬಿದ್ದ ಸದ್ದು, ಆಮೇಲೆ ಡಾಕ್ಟರಮ್ಮ.

"ಸಿಕ್ತು," ಎಂದೆ. "ಒಂದು ಗಂಟೆ ಆಗೋಕೆ ಇನ್ನು ಹತ್ತು ನಿಮಿಷಾನೂ ಇಲ್ಲ. ತಗೊಂಡು ಓಡಿ ಬರ್ತೀನಿ."

"ಬರ್ಬೇಡಿ. ದಾರೀಲೇ ಆ ಹತ್ತು ನಿಮಿಷ ಹೋಗುತ್ತೆ. ಅಲ್ಲೇ ಕೂರಿಸಿ, ಈಗಲೇ."

"ಯಾರು?"

"ನೀವು."

ಹತ್ತೊಂಬತ್ತು ವರ್ಷದಲ್ಲಿ ನಾನು ಒಬ್ಬರ ಬಾಯಿಗೂ ಬೆರಳು ಹಾಕಿದವಳಲ್ಲ. ಒಳಗಿನ ಕೋಣೆಗೆ ಚಹ ಕೊಡಲು ಹೋದರೂ ಗೋಡೆ ನೋಡಿಕೊಂಡು ಹೋಗುತ್ತೇನೆ. ರಕ್ತ ಕಂಡರೆ ನನಗೆ ಆಗುವುದಿಲ್ಲ. ಇದನ್ನೆಲ್ಲ ಡಾಕ್ಟರಮ್ಮನಿಗೆ ಹೇಳಲು ಹೊರಟೆ. ಅವರು ಕೇಳಿಸಿಕೊಳ್ಳಲಿಲ್ಲ. ಬೇರು ಮುಟ್ಟಬೇಡಿ, ಕಾಣೋ ಭಾಗ ಹಿಡೀರಿ, ಹಾಲಲ್ಲಿ ಒಂದ್ಸಲ ಅಲ್ಲಾಡಿಸಿ, ಉಜ್ಜಬೇಡಿ, ಉಬ್ಬಿದ ಮೈ ತುಟಿ ಕಡೆ ಬರ್ಬೇಕು ಎಂದು ಒಂದೇ ಉಸಿರಿಗೆ ಹೇಳುತ್ತ ಹೋದರು.

ಕೈ ತೊಳೆದುಕೊಂಡೆ. ತಾತ ಹೊಸ ಲೋಟದಲ್ಲಿ ತಣ್ಣನೆಯ ಹಾಲು ತಂದರು. ಮೊಬೈಲನ್ನು ಸ್ಪೀಕರಿನಲ್ಲಿಟ್ಟು ಬೆಂಚಿನ ಮೇಲಿರಿಸಿದೆ. ಹುಡುಗಿಗೆ, "ಇದನ್ನ ವಾಪಸ್ ಕೂರಿಸ್ತೀನಿ. ನೋವಾಗುತ್ತೆ. ತಡ್ಕೋಬೇಕು ಕಣಮ್ಮ," ಎಂದೆ.

ಅವಳು ಹತ್ತಿ ತೆಗೆದಳು. "ನಿಲ್ಲುತ್ತಾ?" ಎಂದಳು. ಮಾತಿನ ನಡುವೆ ಗಾಳಿ ಸೋರಿತು.

"ಗೊತ್ತಿಲ್ಲ," ಎಂದೆ. ಅವತ್ತು ಬೆಳಗ್ಗಿನಿಂದ ನಾನು ಆಡಿದ ಮೊದಲ ನಿಜ ಅದು.

ತಾತ ಹಿಂದಿನಿಂದ ಅವಳ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದರು. ನಾನು ಅವಳ ಮೇಲ್ದುಟಿ ಎತ್ತಿದೆ. ಅಲ್ಲಿ ಕೆಂಪು ಕುಳಿ, ಅದರೊಳಗೆ ರಕ್ತ ಹೆಪ್ಪುಗಟ್ಟುತ್ತಿತ್ತು. ಕಣ್ಣು ಕತ್ತಲೆ ಬಂದಂತಾಗಿ ಒಂದು ಕ್ಷಣ ಬೆಂಚು ಹಿಡಿದುಕೊಂಡೆ. ಮೊಬೈಲಿನಿಂದ ಡಾಕ್ಟರಮ್ಮ "ಒತ್ತಿದ್ರಾ?" ಎಂದರು. ಇಲ್ಲ ಎಂದೆ. "ಒತ್ತಿ," ಎಂದರು. ಬೇರಿನ ತುದಿಯನ್ನು ಕುಳಿಯ ಬಾಯಿಗಿಟ್ಟು ಮೆಲ್ಲಗೆ ಒತ್ತಿದೆ. ಸ್ವಲ್ಪ ಹೋಗಿ ನಿಂತಿತು. ಹುಡುಗಿ ನನ್ನ ಮುಂಗೈಗೆ ಉಗುರೂರಿ ಗಂಟಲೊಳಗೇ ನರಳಿದಳು. "ನಿಂತ್ಬಿಡ್ತು, ಹೋಗ್ತಿಲ್ಲ," ಎಂದೆ. ಆಗ ನನಗೇ ಅಳು ಬಂದಿತ್ತು. "ಹೋಗುತ್ತೆ, ಅಲ್ಲಾಡ್ಸಿ ಒತ್ತಿ, ಬಿಡ್ಬೇಡಿ." ಒತ್ತಿದೆ. ಬೆರಳ ತುದಿಗೆ ಕಟ್ ಎಂದು ತಿಳಿಯಿತು. ಹಲ್ಲು ಪಕ್ಕದ ಹಲ್ಲಿನ ಸಾಲಿಗೆ ಬಂದು ನಿಂತಿತ್ತು.

ಮಡಿಸಿದ ಕರವಸ್ತ್ರ ಕಚ್ಚಿಕೊಂಡು ಅವಳು, ಲೋಟ ಹಿಡಿದುಕೊಂಡೇ ತಾತ, ಒಂದು ಚಪ್ಪಲಿಯ ನಾನು, ಡಿಪೋದ ರಿಪೇರಿ ವ್ಯಾನಿನಲ್ಲಿ ಕ್ಲಿನಿಕ್ಕಿಗೆ ಬಂದೆವು. ದಾರಿಯುದ್ದಕ್ಕೂ ತಾತ ಅವಳಿಗೆ ಹೇಳುತ್ತಲೇ ಇದ್ದರು. "ಕಿವಿಗೆ ಮಿಷಿನ್ ಹಾಕ್ಸಿ ಅಂತ ಮಗಳು ಎಷ್ಟು ಸಲ ಹೇಳಿದ್ಲು. ಕೇಳ್ಳಿಲ್ಲ ನಾನು. ಇನ್ಮೇಲೆ ಆ ಫೋನು ಮುಟ್ಟಲ್ಲ ಮಗು." ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ಹೇಳಲು ಆ ವ್ಯಾನಿನಲ್ಲಿ ಬೇಕಾದಷ್ಟು ಹೊತ್ತಿತ್ತು.

ಡಾಕ್ಟರಮ್ಮ ಹಲ್ಲನ್ನು ಸರಿಪಡಿಸಿ, ಪಕ್ಕದ ಹಲ್ಲುಗಳಿಗೆ ಸೇರಿಸಿ ಸಣ್ಣ ತಂತಿ ಅಂಟಿಸಿದರು. ಮುಕ್ಕಾಲು ಗಂಟೆಯಾದ ಮೇಲೆ ಅವಳನ್ನು ಕರೆದುಕೊಂಡು ಈಚೆ ಬಂದರು. ಎರಡು ವಾರ ತಂತಿ ಇರಬೇಕು, ಮೆತ್ತಗಿರುವುದನ್ನೇ ತಿನ್ನಬೇಕು, ಮೆತ್ತನೆಯ ಬ್ರಷ್ಷು, ಸೀಟಿ ಬಾಯಿಗಿಡುವಂತಿಲ್ಲ, ಇವತ್ತೇ ಟಿಟಿ ಇಂಜೆಕ್ಷನ್ ತಗೊಳ್ಳಬೇಕು ಎಂದರು. ಆಮೇಲೆ ಒಳಗಿನ ನರಕ್ಕೆ ಚಿಕಿತ್ಸೆ ಬೇಕಾಗುತ್ತದೆ. "ನಿಲ್ಲುತ್ತೆ ಅಂತ ಈಗಲೇ ಮಾತು ಕೊಡಲ್ಲ. ಆದ್ರೆ ಹೊತ್ತು ಮೀರೋ ಮುಂಚೆ ಕೂತಿದೆ. ನಂಗೆ ನಂಬಿಕೆ ಇದೆ," ಎಂದು ನನ್ನ ಕಡೆ ಒಂದು ಸಲ ನೋಡಿ ಒಳಗೆ ಹೋದರು. ಉಳಿದದ್ದನ್ನು ನನಗೇ ಬಿಟ್ಟರು.

ಹುಡುಗಿಯ ಬಾಯಿ ಮರಗಟ್ಟಿತ್ತು, ತುಟಿ ಊದಿತ್ತು, ಮಾತಾಡುವಂತಿರಲಿಲ್ಲ. ನನ್ನ ಮೇಜಿನ ಮೇಲಿದ್ದ ಚೀಟಿಯ ಪ್ಯಾಡು ಎಳೆದುಕೊಂಡು ಏನೋ ಬರೆದು ತಾತನ ಕೈಗೆ ಕೊಟ್ಟಳು. ತಾತ ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಕನ್ನಡಕ ಕ್ಯಾಂಟೀನಲ್ಲೇ ಬಿಟ್ಟೆ. ಏನ್ ಬರ್ದಿದಾಳೆ, ನೀವೇ ಒಂಚೂರು ಓದಿ ಮೇಡಂ."

ಓದಿದೆ. ಮನಸ್ಸಿನಲ್ಲಿ. "ಬಿಸಾಕು ಅಂತ ನಿಜವಾಗ್ಲೂ ಹೇಳಿದ್ರಾ ತಾತ, ನೀವೇ ತಪ್ಪು ಕೇಳಿಸ್ಕೊಂಡ್ರಾ?"

ಚೀಟಿ ನನ್ನ ಕೈಯಲ್ಲಿತ್ತು. ನೋವು ಯಾವಾಗ ನಿಲ್ಲುತ್ತೆ ಅಂತ ಕೇಳ್ತಿದಾಳೆ ಎಂದು ಓದಬಹುದಿತ್ತು. ತಾತನಿಗೆ ಗೊತ್ತಾಗುತ್ತಿರಲಿಲ್ಲ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಡ್ರಮ್ಮಿನ ಮುಂದೆ ಮಂಡಿಯೂರಿ ಕೂತಾಗ, ಆ ಕೆಂಪು ಕುಳಿಗೆ ಬೆರಳು ಹಾಕಿದಾಗ ಇಲ್ಲದ ಹೆದರಿಕೆ ಆಗ ಆಯಿತು. ಗಟ್ಟಿಯಾಗಿ, ಬರೆದದ್ದನ್ನು ಬರೆದಂತೆಯೇ ಓದಿದೆ.

"ನಾನೇ ತಪ್ಪು ಕೇಳಿಸ್ಕೊಂಡೆ ಮಗು," ಎಂದು ತಾತ ಶುರುಮಾಡಿದರು.

"ಇಲ್ಲ ತಾತ. ನಿಮ್ಮ ಕಿವಿ ಸರಿಯಾಗೇ ಕೇಳಿಸ್ಕೊಂಡಿದೆ. ಫೋನಲ್ಲಿ ಮಾತಾಡಿದ್ದು ನಾನು. ಬಿಸಾಕಿ ಅಂದಿದ್ದೂ ನಾನು. ವಯಸ್ಸು ಕೇಳ್ಬೇಕಿತ್ತು, ಕೇಳ್ಳಿಲ್ಲ. ನೀವು ಮಾಡಿದ್ದೆಲ್ಲ ಸರಿಯಾಗಿತ್ತು," ಎಂದೆ.

ತಾತ ಬಲಗಿವಿಯನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಹಾಲಿನ ಲೋಟ ಇನ್ನೂ ಅವರ ಕೈಯಲ್ಲಿತ್ತು. ನಿಂತಲ್ಲೇ ಅವರು ಅಳುತ್ತಿದ್ದರು. ನಾನು ಅವರಿಗಾಗಿ ನನ್ನ ಕುರ್ಚಿಯನ್ನು ಎಳೆಯಲು ಹೋಗಿ, ಕೈ ಸಾಗದೆ ಅದನ್ನೇ ಹಿಡಿದುಕೊಂಡು ನಿಂತೆ.

ಹುಡುಗಿ ಪ್ಯಾಡನ್ನು ಮತ್ತೆ ಎಳೆದುಕೊಂಡಳು. ಈ ಸಲ ನಿಧಾನವಾಗಿ, ಒತ್ತಿ ಒತ್ತಿ ಬರೆದಳು. ಹರಿದು, ತಾತನಿಗೆ ಕೊಡದೆ ನೇರ ನನ್ನ ಕೈಗಿಟ್ಟು, ಓದು ಎಂದು ಗದ್ದ ಎತ್ತಿ ತೋರಿಸಿದಳು.

ಓದಿದೆ. "ತಾತ, ನೀವು ಆ ಕುರ್ಚಿಯಲ್ಲಿ ಕೂತ್ಕೊಳ್ಳಿ. ಇವರು ನಿಂತಿರಲಿ."

ತಾತ ಬೇಡ ಬೇಡ ಎನ್ನುತ್ತಲೇ ನನ್ನ ಕುರ್ಚಿಯಲ್ಲಿ ಕೂತರು. ಅಷ್ಟರಲ್ಲಿ ಫೋನು ಹೊಡೆಯಿತು. ನಾನು ನಿಂತುಕೊಂಡೇ ಎತ್ತಿದೆ.